ಹಿನ್ನೀರಿನ ದಂಡೆಯ ಟೇಬಲ್: ಬಾಗಲಕೋಟೆಯಲ್ಲಿ ಬಾರ್ ಆರಿಸುವ ನಮ್ಮ ಕ್ರಮ

ಬಾಗಲಕೋಟೆಯಲ್ಲಿ ಹೊಳೆ ಕಾಣುವಂಥ, ಊಟವೂ ಚಲೋ ಇರುವಂಥ ಬಾರ್ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಮೊದಲು ಕೇಳುವುದು, ಯಾವ ತಿಂಗಳು ಬರುತ್ತೀರಿ ಎಂದು. ಇಲ್ಲಿ ಕಾಣುವುದು ಹರಿಯುವ ಘಟಪ್ರಭೆಯಲ್ಲ, ಆಲಮಟ್ಟಿ ಜಲಾಶಯದ ಹಿನ್ನೀರು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲ ಸರಿಯಾಗಿದ್ದರೆ ಆಗಸ್ಟ್ ಹೊತ್ತಿಗೆ ನೀರು ಆ ಮಟ್ಟದ ಸಮೀಪ ಬಂದು ಹಳೇ ಬಾಗಲಕೋಟೆಯ ಅಂಚಿಗೆ ತಾಗುತ್ತದೆ. ಹಿಂಗಾರಿಗೆ ಕಾಲುವೆಗೆ ನೀರು ಬಿಟ್ಟಂತೆಲ್ಲ ದಂಡೆ ಹಿಂದೆ ಸರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಟೇಬಲ್ಲಿನಲ್ಲಿ ಕುಳಿತರೆ ಎದುರಿಗೆ ಬಿರುಕು ಬಿಟ್ಟ ಕೆಸರು, ಒಣಗಿದ ಜಾಲಿ, ದೂರದಲ್ಲೊಂದು ನೀರಿನ ಗೆರೆ. ಗಾಳಿ ಈ ಕಡೆ ತಿರುಗಿದರೆ ಕೆಸರಿನ ವಾಸನೆಯೂ ಬರುತ್ತದೆ. ಹಾಗಾಗಿ ಸೆಪ್ಟೆಂಬರಿನಿಂದ ಜನವರಿವರೆಗೆ ನೀರು ನೋಡಿ ಜಾಗ ಆರಿಸುತ್ತೇವೆ, ಬೇಸಿಗೆಯಲ್ಲಿ ಬರೀ ಅಡುಗೆ ನೋಡಿ ಆರಿಸುತ್ತೇವೆ.

ಹೊತ್ತೂ ಅಷ್ಟೇ ಮುಖ್ಯ. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಸುಮಾರಿಗೆ, ಜೂನ್‌ನಲ್ಲಿ 7ಕ್ಕೆ. ಎಂಟಕ್ಕೆ ಹೋಗಿ ಕುಳಿತವರಿಗೆ ನೀರೂ ಒಂದೇ, ಬಯಲೂ ಒಂದೇ, ಎರಡೂ ಕತ್ತಲೆ. ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮೊದಲೇ ಕೂರಬೇಕು. ಪಶ್ಚಿಮಕ್ಕೆ ನೇರ ಮುಖ ಮಾಡಿದ ಕುರ್ಚಿ ಬೇಡ, ಅರ್ಧ ಗಂಟೆ ಕಣ್ಣು ಬಿಡಲಾಗುವುದಿಲ್ಲ. ಉತ್ತರಕ್ಕೆ ಮುಖ ಮಾಡಿ ಎಡಗಡೆ ಮುಳುಗುವ ಸೂರ್ಯ ಕಾಣುವ ಹಾಗಿದ್ದರೆ ಅದು ಹಿತವಾದ ಜಾಗ.

ಮಾಳಿಗೆ ಮೇಲೆ ಕೂರುವುದಾದರೆ ದೀಪ ನೋಡಬೇಕು. ನೀರಿನ ದಂಡೆಯಲ್ಲಿ ಬಿಳಿ ಟ್ಯೂಬ್‌ಲೈಟ್ ಹಚ್ಚಿದರೆ ಮಳೆಗಾಲ ಮುಗಿಯುವ ದಿನಗಳಲ್ಲಿ ಹುಳ ತಟ್ಟೆಗೇ ಬೀಳುತ್ತವೆ. ಹಳದಿ ಬಲ್ಬ್ ಹಾಕಿದ ಕಡೆ, ಅದರಲ್ಲೂ ದೊಡ್ಡ ದೀಪವನ್ನು ಟೇಬಲ್ಲಿನಿಂದ ದೂರದ ಕಂಬಕ್ಕೆ ಕಟ್ಟಿದ ಕಡೆ ಈ ಕಾಟ ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಜೋರು. ಪಡುವಣ ಬದಿಗೆ ಗೋಡೆ ಇಲ್ಲದಿದ್ದರೆ ಬಿಸಿ ರೊಟ್ಟಿ ಎರಡೇ ನಿಮಿಷಕ್ಕೆ ಹಪ್ಪಳವಾಗುತ್ತದೆ.

ಹೆದ್ದಾರಿ ಕಡೆಯ ಮಾತು ಬೇರೆ. ವಿಜಯಪುರದ ದಾರಿಯಲ್ಲಿ ಕೊರ್ತಿ–ಕೊಲ್ಹಾರ ಸೇತುವೆಯ ಹತ್ತಿರ ಕೃಷ್ಣೆಯ ಹಿನ್ನೀರು ಸಮುದ್ರದಂತೆ ಹರಡಿದೆ, ಮೀನಿನ ಊಟವೂ ಸಿಗುತ್ತದೆ. ಆದರೆ ಊಟ ಸಿಕ್ಕಲ್ಲೆಲ್ಲ ಕುಡಿಯಲು ಕೂರುವಂತಿಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿತು. 2017ರಲ್ಲಿ ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿ, ಮುಂದೆ ನಗರಸಭೆಯಂಥ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಪರವಾನಗಿ ಇಲ್ಲದ ಢಾಬಾದಲ್ಲಿ ಬಾಟಲಿ ತೆಗೆದರೆ ಮಾಲಕರ ಮೇಲೂ ಕುಡಿದವರ ಮೇಲೂ ಕೇಸು ಬೀಳಬಹುದು. ಅದಕ್ಕೆ ಕೊಲ್ಹಾರದ ಕಡೆ ಹೋದರೆ ಬರೀ ಊಟ ಮಾಡುತ್ತೇವೆ, ಬರುವಾಗ ಗಡಿಗೆ ಮೊಸರು ತರುತ್ತೇವೆ. ಕುಡಿಯುವುದಿದ್ದರೆ ಊರೊಳಗೆ, ಸಿಎಲ್-9 ಅಥವಾ ಸಿಎಲ್-7 ಪರವಾನಗಿ ಇರುವ ಕಡೆ. ಮೊದಲನೆಯದು ಬಾರ್ ಮತ್ತು ರೆಸ್ಟೋರೆಂಟಿನದು, ಎರಡನೆಯದು ಲಾಡ್ಜ್ ಇರುವ ಹೋಟೆಲಿನದು. ಮನೆಯವರನ್ನು ಕರೆದುಕೊಂಡು ಹೋಗುವಾಗ ಸಿಎಲ್-7 ಮೇಲು. ಊಟದ ಹಾಲ್ ಸಾಮಾನ್ಯವಾಗಿ ಬೇರೆ ಇರುತ್ತದೆ, ಶೌಚಾಲಯವೂ ಸುಮಾರಾಗಿ ಸ್ವಚ್ಛ ಇರುತ್ತದೆ.

ಇನ್ನು ಅಡುಗೆ ಮನೆ. ಹಿನ್ನೀರಿನ ದಂಡೆಯಲ್ಲಿ ಕುಳಿತು ಐಸಿನ ಬಂಗಡೆ ತಿನ್ನುವುದು ನಮಗೆ ಒಪ್ಪದ ಮಾತು. ಮೆನು ಕಾರ್ಡ್ ತೆರೆಯುವ ಮೊದಲೇ "ಇವತ್ತ ಮೀನ ಯಾವುದೈತ್ರಿ? ಹೊಳಿದೋ, ಐಸಿಂದೋ?" ಎಂದು ಕೇಳುತ್ತೇವೆ. ಹೊಳೆಯದು ಎಂದರೆ ರೋಹು, ಕಾಟ್ಲಾ ಅಥವಾ ಜಿಲೇಬಿ (ತಿಲಾಪಿಯಾ ಮೀನು) ಇರಬೇಕು. ಪಾಂಫ್ರೆಟ್ ಎಂದರೆ ಅದು ಕರಾವಳಿಯಿಂದ ಐಸಿನಲ್ಲಿ ಬಂದದ್ದು. ಮುಂದಿನ ಮಾತು, "ಒಮ್ಮಿ ತೋರಸ್ರೀ." ತೋರಿಸಲು ಹಿಂದೆಮುಂದೆ ನೋಡುವ ಕಡೆ ಮೀನು ಹೇಳುವುದಿಲ್ಲ. ತೋರಿಸಿದರೆ ಕಿವಿರು ಎತ್ತಿ ನೋಡುತ್ತೇವೆ. ಕೆಂಪಗಿದ್ದರೆ ಸರಿ, ಕಂದಿದ್ದರೆ ಬೇಡ. ಕಣ್ಣು ಉಬ್ಬಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಒಂದೂವರೆಯಿಂದ ಎರಡು ಕಿಲೋ ತೂಗುವ ರೋಹು ನಮಗೆ ಸರಿಹೋಗುತ್ತದೆ. ಅದಕ್ಕಿಂತ ತೀರ ಸಣ್ಣದರಲ್ಲಿ ಸಣ್ಣ ಮುಳ್ಳಿನ ಕಾಟ, ಮಬ್ಬುಗತ್ತಲಲ್ಲಿ ತಿನ್ನುವವರಿಗೆ ಅಪಾಯ ಕೂಡ.

ಬೇಸಿಗೆಯ ಮೀನಿಗೆ ಮಣ್ಣಿನ ವಾಸನೆ ಇರುತ್ತದೆ. ನೀರು ಇಳಿದು ಬಿಸಿಯಾದಾಗ ಬೆಳೆಯುವ ಪಾಚಿಯಿಂದ ಅದು ಮಾಂಸಕ್ಕೆ ಇಳಿಯುತ್ತದೆ, ಹೊಟ್ಟೆಯ ಭಾಗದಲ್ಲಿ ಹೆಚ್ಚು. ಬಲ್ಲ ಅಡುಗೆಯವರು ಹೊಟ್ಟೆಯೊಳಗಿನ ಕರಿ ಪೊರೆ ಕೆರೆದು ತೆಗೆದು, ಉಪ್ಪು, ಅರಿಶಿನ, ಹುಣಸೆ ನೀರಿನಲ್ಲಿ ಕಾಲು ಗಂಟೆ ಇಟ್ಟು ತೊಳೆಯುತ್ತಾರೆ. ಇಷ್ಟು ಮಾಡದಿದ್ದರೆ ಎಷ್ಟು ಖಾರ ಬಳಿದರೂ ಆ ವಾಸನೆ ಮುಚ್ಚುವುದಿಲ್ಲ.

ಫ್ರೈ ಎಷ್ಟು ಹೊತ್ತಿಗೆ ಬಂತು ಎಂಬುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪದ ತುಂಡನ್ನು ತವೆಯ ಮೇಲೆ ಒಂದೊಂದು ಮಗ್ಗುಲಿಗೆ 4ರಿಂದ 5 ನಿಮಿಷ ಬೇಯಿಸಬೇಕು, ಹೇಳಿದ ಮೇಲೆ ಬರಲು ಕಾಲು ಗಂಟೆಯಾದರೂ ಬೇಕು. ಐದೇ ನಿಮಿಷಕ್ಕೆ ಬಂದರೆ ಮಧ್ಯಾಹ್ನ ಕರಿದಿಟ್ಟದ್ದನ್ನು ಮತ್ತೆ ಎಣ್ಣೆಗೆ ಬಿಟ್ಟಿದ್ದಾರೆ ಎಂದೇ ಲೆಕ್ಕ: ಹೊರಗೆ ಗರಿಗರಿ, ಒಳಗೆ ನಾರು. ಮಸಾಲೆಗೆ ಅರ್ಧ ಗಂಟೆ ಸಾಕು. ಲಿಂಬೆ ಹಿಂಡಿ ಬೆಳಗಿನಿಂದ ಇಟ್ಟಿದ್ದರೆ ಮಾಂಸ ಬಿಗಿ ಕಳೆದುಕೊಂಡು ಪುಡಿಪುಡಿಯಾಗುತ್ತದೆ. ಬ್ಯಾಡಗಿ ಮೆಣಸಿನ ಕೆಂಪು ಇಟ್ಟಿಗೆ ಬಣ್ಣದ್ದು. ಬೆರಳಿಗೆ ಗುಲಾಬಿಯೋ ಕಿತ್ತಳೆಯೋ ಅಂಟಿ ತೊಳೆದರೂ ಹೋಗದಿದ್ದರೆ ಬಣ್ಣದ ಪುಡಿ ಹಾಕಿದ್ದಾರೆ, ಆ ಕಡೆಗೆ ಮತ್ತೆ ಹೋಗುವುದಿಲ್ಲ.

ಎಣ್ಣೆ ಪರೀಕ್ಷಿಸಲು ಮೊದಲು ಒಂದು ಪ್ಲೇಟ್ ಮಸಾಲಾ ಶೇಂಗಾ ಹೇಳುತ್ತೇವೆ. ಬೇಗ ಬರುವ ಚಕ್ನಾ, ದುಡ್ಡೂ ಕಡಿಮೆ. ಶೇಂಗಾ ಬೆಳೆಯುವ ಸೀಮೆಯಲ್ಲಿ ಶೇಂಗಾ ಮುಗ್ಗಲು ಹಿಡಿದಿದ್ದರೆ, ಅಥವಾ ಗಂಟಲಲ್ಲಿ ಸುಟ್ಟೆಣ್ಣೆಯ ಕಹಿ ಉಳಿದರೆ, ಮುಂದೆ ಕರಿದದ್ದು ಏನೂ ಹೇಳುವುದಿಲ್ಲ. ಮೊಟ್ಟೆ ಬುರ್ಜಿಗೋ ಮಟನ್ ಸುಕ್ಕಾಕ್ಕೋ ತಿರುಗುತ್ತೇವೆ. ಸುಕ್ಕಾ ಮಾತ್ರ ಹತ್ತು ನಿಮಿಷಕ್ಕೆ ಬಂದರೂ ಅನುಮಾನ ಪಡಬೇಕಿಲ್ಲ. ಮಟನ್ ಮೊದಲೇ ಬೇಯಿಸಿಟ್ಟು ಆಮೇಲೆ ಮಸಾಲೆಯಲ್ಲಿ ಹುರಿಯುವುದೇ ಅದರ ರೀತಿ.

ರೊಟ್ಟಿ ವಿಷಯದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಜೋಳದ ರೊಟ್ಟಿ ಬಡಿಯುವ ಅಕ್ಕನವರು ಒಂಬತ್ತೂವರೆ, ಹತ್ತಕ್ಕೆ ಕೈ ತೊಳೆದುಕೊಂಡು ಮನೆಗೆ ಹೊರಡುತ್ತಾರೆ. ಕುಡಿಯುವುದು ಮುಗಿಯಲಿ, ಆಮೇಲೆ ಹೇಳೋಣ ಎಂದು ಕುಳಿತರೆ ಉಳಿಯುವುದು ಮೈದಾದ ತಂದೂರಿ ರೊಟ್ಟಿ ಅಥವಾ ಕಟಕ್ ರೊಟ್ಟಿ. ಕೂತ ಕೂಡಲೇ "ಒಂಬತ್ತಕ್ಕ ಬಿಸಿ ರೊಟ್ಟಿ ಬೇಕ್ರೀ ಅಕ್ಕಾರ" ಎಂದು ಸಂಖ್ಯೆ ಸಮೇತ ಹೇಳಿಬಿಡಬೇಕು. ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಕೊಡುವ ಕಡೆ ಕುಡಿಯದವರೂ ನೆಮ್ಮದಿಯಾಗಿ ಉಣ್ಣುತ್ತಾರೆ. ನಾಲ್ಕು ಜನರಲ್ಲಿ ಒಬ್ಬರಾದರೂ ಹಾಗೆ ಇರುತ್ತಾರೆ, ಅವರನ್ನು ಸೋಡಾ, ಶೇಂಗಾದ ಮೇಲೆ ಮೂರು ತಾಸು ಕೂರಿಸುವುದು ಅನ್ಯಾಯ.

ಎಂಟು ಜನಕ್ಕೆ ನಮ್ಮ ಲೆಕ್ಕ ಇದು: ಎರಡು ಕಿಲೋದ ಒಂದು ರೋಹು. ತಲೆ, ಹೊಟ್ಟೆ ತೆಗೆದರೆ ಸುಮಾರು 1.3 ಕಿಲೋ ಉಳಿದು 14ರಿಂದ 16 ತುಂಡಾಗುತ್ತದೆ, ಒಬ್ಬರಿಗೆ ಹೆಚ್ಚುಕಡಿಮೆ ಎರಡು. ಮೀನಿನ ತಲೆಯ ಭಾಗ ಸಾರಿಗೆ ಹಾಕಿಸಬೇಕು, ಬಿಡಬಾರದು. ಎರಡು ಪ್ಲೇಟ್ ಸುಕ್ಕಾ, 24 ರೊಟ್ಟಿ, ಕೊನೆಗೆ ನಾಲ್ಕು ಪ್ಲೇಟ್ ಅನ್ನ. ಎಲ್ಲವನ್ನೂ ಒಮ್ಮೆಗೇ ಹೇಳಿದರೆ ಟೇಬಲ್ ಮೇಲೆ ಆರಿ ಹೋಗುತ್ತದೆ. ಮೀನನ್ನು ಅರ್ಧರ್ಧ ಎರಡು ಸಲಕ್ಕೆ ಕರಿಸಬೇಕು.

ಬಿಲ್ಲಿನಲ್ಲಿ ಒಂದೇ ನೋಡಿದರೆ ಸಾಕು: ಊಟಕ್ಕೆ ಶೇಕಡಾ 5ರ ಜಿಎಸ್‌ಟಿ ಸರಿ, ಮದ್ಯ ಜಿಎಸ್‌ಟಿಯ ಹೊರಗಿದೆ. ಎರಡನ್ನೂ ಕೂಡಿಸಿ ಒಟ್ಟು ಮೊತ್ತದ ಮೇಲೆ ತೆರಿಗೆ ಹಾಕಿದ್ದರೆ ಬೇರೆ ಮಾಡಿ ಕೊಡಿ ಎಂದು ಕೇಳಬಹುದು. ಬಾರಿನಲ್ಲಿ ಬಾಟಲಿಯ ಬೆಲೆ ಅಂಗಡಿಗಿಂತ ಹೆಚ್ಚೇ ಇರುತ್ತದೆ, ಅದಕ್ಕೆ ಜಗಳ ಬೇಡ. ಕ್ವಾರ್ಟರ್ ಹೇಳಿದರೆ ಮಾತ್ರ ಸೀಲ್ ಟೇಬಲ್ ಎದುರಿಗೇ ಒಡೆಯಬೇಕು.

ಊಟವಾದ ಮೇಲೆ ನೀರಿಗೆ ಕಾಲು ಬಿಡೋಣ ಎಂದು ದಂಡೆಗೆ ಇಳಿಯುವವರನ್ನು ಕೈಹಿಡಿದು ನಿಲ್ಲಿಸುತ್ತೇವೆ. ಕೃಷ್ಣೆಯ ಹಿನ್ನೀರಿನಲ್ಲಿ ಮೊಸಳೆಗಳಿವೆ. ಮುಳುಗಡೆಯಾದ ಊರಿನ ಗೋಡೆ, ಬಾವಿ ನೀರಿನ ಕೆಳಗೆ ಎಲ್ಲಿವೆ ಎಂದು ಮೇಲಿನಿಂದ ಕಾಣುವುದಿಲ್ಲ, ಕೆಸರಿನಲ್ಲಿ ಮೊಣಕಾಲವರೆಗೆ ಹೂತರೆ ಕುಡಿದವರಿಗೆ ಎದ್ದು ಬರಲಾಗುವುದಿಲ್ಲ. ಗಾಡಿಯ ಕೀಲಿಯನ್ನು ಕೂರುವ ಮೊದಲೇ ಕುಡಿಯದವರ ಕೈಗೆ ಕೊಟ್ಟಿರುತ್ತೇವೆ. ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕುಡಿಯದವರು ಯಾರೂ ಇಲ್ಲದ ದಿನ ಊರಿನ ಹೊಸ ಭಾಗವಾದ ನವನಗರದಿಂದ ಹೋಗುವಾಗಲೇ ಆಟೋದವರಿಗೆ ಹತ್ತೂವರೆಗೆ ಮತ್ತೆ ಬರಲು ಹೇಳಿ, ನಂಬರ್ ಬರೆದುಕೊಂಡು ಒಳಗೆ ಹೋಗುತ್ತೇವೆ.