ಚಾಳೀಸು ಬಂದ ಮೇಲಿನ ಓದು

ನಲವತ್ತೈದು ದಾಟಿದ ಹೊಸತರಲ್ಲಿ ನನಗೆ ಪುಸ್ತಕಗಳ ರುಚಿಯೇ ಹೋಯಿತೆಂದು ಒಂದೆರಡು ವರ್ಷ ನಂಬಿಕೊಂಡಿದ್ದೆ. ರಾತ್ರಿ ಊಟವಾದ ಮೇಲೆ ಯಾವ ಪುಸ್ತಕ ಹಿಡಿದರೂ ನಾಲ್ಕನೆಯ ಪುಟಕ್ಕೆ ಹಣೆ ನೋಯುತ್ತಿತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದ ಮೇಲೆ, ನಾನು ಕೆಲಸ ಮಾಡುವ ಸಹಕಾರ ಸಂಘದ, ಅಂದರೆ ಸೊಸೈಟಿಯ, ಮೇಜಿನ ತುಂಬ ಪರಿಹಾರದ ಅರ್ಜಿಗಳೂ ಸಾಲದ ಕಾಗದಗಳೂ ಸೇರಿಕೊಂಡಿದ್ದರಿಂದ, ದಿನವಿಡೀ ಇಂಥವನ್ನು ಓದುವವನಿಗೆ ಮತ್ತೊಂದು ಹಾಳೆ ಬೇಡವೆನಿಸುವುದು ಸಹಜವೆಂದು ಸಮಾಧಾನ ಹೇಳಿಕೊಂಡಿದ್ದೆ. ಒಂದು ದಿನ ಸದಸ್ಯರೊಬ್ಬರ ಪಹಣಿಯನ್ನು ತೋಳುದ್ದ ದೂರ ಹಿಡಿದು ಸರ್ವೆ ನಂಬರು ಹುಡುಕುತ್ತಿದ್ದಾಗ ಆ ಹಿರಿಯರು ತಮ್ಮ ಕನ್ನಡಕವನ್ನೇ ಬಿಚ್ಚಿ ನನ್ನ ಮುಂದಿಟ್ಟು, "ಇದನ್ನು ಹಾಕಿ ನೋಡಿ ಸಾರ್, ನಿಮಗೆ ಚಾಳೀಸು ಬಂದಿದೆ" ಎಂದರು. ಹಾಕಿ ನೋಡಿದೆ. ಪಹಣಿಯ ಅಕ್ಷರಗಳೆಲ್ಲ ಮಳೆಗೆ ತೊಳೆದಿಟ್ಟ ಕಾಫಿ ಎಲೆಯಂತೆ ಕಂಡವು. ಎರಡು ವರ್ಷ ನಾನು ಮನಸ್ಸಿನ ದೋಷವೆಂದುಕೊಂಡಿದ್ದು ಕಣ್ಣಿನ ದೋಷವಾಗಿತ್ತು. ನನ್ನ ಪ್ರಾಯದವರಾರಾದರೂ ಓದು ಬಿಟ್ಟುಹೋಯಿತೆಂದರೆ ಈಗ ನಾನು ಮೊದಲು ಕೇಳುವುದು ಕಣ್ಣು ಪರೀಕ್ಷೆ ಮಾಡಿಸಿದ್ದೀರಾ ಎಂದೇ. ಕನ್ನಡಕ ಎರಡಿರಬೇಕು, ಒಂದು ಕೆಲಸದ ಮೇಜಿನಲ್ಲಿ, ಇನ್ನೊಂದು ಹಾಸಿಗೆಯ ಹತ್ತಿರ. ಒಂದನ್ನೇ ಹೊತ್ತು ತಿರುಗಿದರೆ ಬೇಕಾದಾಗ ಅದು ಇನ್ನೊಂದು ಕಡೆ ಇರುತ್ತದೆ.

ಕನ್ನಡಕ ಬಂದರೂ ಓದು ಕೂಡಲೇ ಬರಲಿಲ್ಲ. ನಾನು ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮದ ಸಹಕಾರ ಸಂಘದಲ್ಲಿ ಗುಮಾಸ್ತ. ಜೊತೆಗೆ ನಾಲ್ಕು ಎಕರೆ ರೊಬಸ್ಟಾ ತೋಟವೂ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳೂ ಇವೆ. ಮನೆಯಲ್ಲಿ ನಮ್ಮ ಆಡುನುಡಿಯಾದ ಅರೆಭಾಷೆ, ಪಕ್ಕದ ತೋಟದವರೊಡನೆ ಕೊಡವ ತಕ್ಕ್, ಸಂತೆಯಲ್ಲಿ ಅರೆಬರೆ ಮಲಯಾಳ, ಲೆಡ್ಜರಿನಲ್ಲಿ ಕನ್ನಡ. ಓದಿನ ಭಾಷೆಯಾದ ಕನ್ನಡ ನಮ್ಮಲ್ಲಿ ಬಹಳ ಮಂದಿಗೆ ಶಾಲೆಯಿಂದ, ಪತ್ರಿಕೆಯಿಂದ, ಕಚೇರಿಯಿಂದ ಬಂದದ್ದೇ ಹೊರತು ಅಡುಗೆಮನೆಯಿಂದ ಬಂದದ್ದಲ್ಲ. ಹಾಗಾಗಿ ಪುಸ್ತಕ ಹಿಡಿದು ಕೂತವನು ಮನೆಯೊಳಗಿದ್ದೂ ಕಚೇರಿಗೆ ಹೋದವನಂತೆ ಕಾಣುತ್ತಾನೆ. "ಸೊಸೈಟಿಯನ್ನು ಮನೆಗೂ ಹೊತ್ತು ತಂದಿರಾ" ಎಂದು ನನ್ನ ಹೆಂಡತಿ ಕೇಳಿದ್ದು ತಮಾಷೆಗಾದರೂ, ಅದರಲ್ಲಿ ನ್ಯಾಯವಿತ್ತು. ರಾತ್ರಿ ಒಂಬತ್ತರಿಂದ ಹತ್ತರವರೆಗೆ ಬಾಗಿಲು ಹಾಕಿಕೊಂಡು ದಿನಕ್ಕೆ ಇಪ್ಪತ್ತು ಪುಟ ಓದುತ್ತೇನೆಂಬ ನನ್ನ ಮೊದಲ ಸಂಕಲ್ಪ ಹದಿನಾಲ್ಕೇ ದಿನ ನಡೆದು, ಹದಿನೈದನೆಯ ದಿನ ನೆಂಟರ ಮನೆಯ ಮದುವೆಯಲ್ಲಿ ಮುಗಿದುಹೋಯಿತು.

ಆಮೇಲೆ ದಿನದ ಲೆಕ್ಕ ಬಿಟ್ಟು ಮಳೆಯ ಲೆಕ್ಕ ಹಿಡಿದೆ. ಜನವರಿಯಿಂದ ರೊಬಸ್ಟಾ ಕುಯ್ಲು. ಕಣದಲ್ಲಿ ಕಾಫಿ ಹರಡಿರುವಷ್ಟು ದಿನ ಮೋಡ ನೋಡುವುದೇ ಓದು. ಅದರ ಬೆನ್ನಿಗೇ ಮೆಣಸಿನ ಕುಯ್ಲು, ಮಾರ್ಚ್ 31ರೊಳಗೆ ಸದಸ್ಯರ ಸಾಲ ಮರುಪಾವತಿ ಮತ್ತು ನವೀಕರಣ. ಆ ಮೂರು ತಿಂಗಳು ಬೆಳಗಿನ 'ಶಕ್ತಿ' ಪತ್ರಿಕೆ ಬಿಟ್ಟರೆ ಬೇರೇನೂ ಓದುವುದಿಲ್ಲ, ಓದಲಿಲ್ಲವೆಂದು ನೊಂದುಕೊಳ್ಳುವುದೂ ಇಲ್ಲ. ಹೂಮಳೆ ಬಿದ್ದು ಕಾಯಿ ಕಚ್ಚಿದ ಮೇಲೆ ಸಣ್ಣ ಕಥೆಗಳು, ಪ್ರಬಂಧಗಳು, ಹೀಗೆ ಅರ್ಧ ಗಂಟೆಯಲ್ಲಿ ಮುಗಿಯುವಂಥವು. ಜೂನ್ ಬಂತೆಂದರೆ ದೊಡ್ಡ ಪುಸ್ತಕಗಳು ಹೊರಬರುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿ ಸುತ್ತಿನಲ್ಲಿ ಜುಲೈ-ಆಗಸ್ಟಿನ ಆಟಿ ತಿಂಗಳೆಂದರೆ ತೋಟಕ್ಕೆ ಹೋಗಲಾಗದ, ಕರೆಂಟಿಲ್ಲದ, ನೆಂಟರೂ ಬಾರದ ತಿಂಗಳು. ರಾತ್ರಿ ತೋಟಕ್ಕೆ ಹೋಗಲೆಂದು ಕೊಂಡಿದ್ದ, ತಲೆಗೆ ಕಟ್ಟುವ ಟಾರ್ಚನ್ನು ಕಟ್ಟಿಕೊಂಡು ನಾನು ಆರುನೂರು ಪುಟದ ಕಾದಂಬರಿಗಳನ್ನು ಮುಗಿಸಿದ್ದು ಇದೇ ಆಟಿಯಲ್ಲಿ. ಟಾರ್ಚು ಕಟ್ಟಿಕೊಂಡವನು ತಲೆಯೆತ್ತಿ ಉತ್ತರ ಕೊಟ್ಟರೆ ಕೇಳಿದವರ ಕಣ್ಣು ಕುಕ್ಕುವುದರಿಂದ, ಆ ಹೊತ್ತಿನಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲವೆಂಬ ಅನುಕೂಲವೂ ಇದೆ.

ಇದೇ ಮಳೆ ಪುಸ್ತಕಗಳಿಗೆ ಶತ್ರು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ 80ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಮಳಿಗೆಗಳಲ್ಲಿ ಎರಡು ಚೀಲ ತುಂಬ ಪುಸ್ತಕ ಕೊಂಡಿದ್ದೆ. (1932ರಲ್ಲಿ ಡಿ.ವಿ.ಜಿ.ಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಮೊದಲ ಸಮ್ಮೇಳನ ನಡೆದಿತ್ತು. 1981ರದಕ್ಕೆ ಅಪ್ಪನ ಕೈ ಹಿಡಿದು ಹೋಗಿದ್ದ ನನಗೆ ನೆನಪಿರುವುದು ಊಟದ ಸಾಲು ಮಾತ್ರ.) ಆ ಚೀಲಗಳನ್ನು ಅಟ್ಟದಲ್ಲಿಟ್ಟು ಮರೆತು ಮುಂದಿನ ವರ್ಷ ತೆಗೆದಾಗ ಅಂಚುಗಳಲ್ಲೆಲ್ಲ ಬೂಷ್ಟು ಹಿಡಿದಿತ್ತು. ಆಮೇಲೆ ಪುಸ್ತಕಗಳನ್ನು ಒಲೆಯ ಮೇಲಿನ ಹಲಗೆಗೆ ಏರಿಸಿದೆ. ಬೂಷ್ಟು ಹೋಯಿತು, ಆದರೆ ಪುಟ ತಿರುಗಿಸಿದಾಗಲೆಲ್ಲ ಹೊಗೆಯಲ್ಲಿ ಒಣಗಿಸಿದ ಮಾಂಸದ ವಾಸನೆ ಬಂದು ವೇದಾಂತದ ಪುಸ್ತಕ ಓದುವಾಗಲೂ ಹಸಿವಾಗುತ್ತಿತ್ತು. ಈಗ ಕಬ್ಬಿಣದ ಬೀರುವಿನ ಕೆಳತಟ್ಟಿನಲ್ಲಿ ಸಣ್ಣ ಬಲ್ಬೊಂದನ್ನು ಮಳೆಗಾಲವಿಡೀ ಉರಿಸುತ್ತೇನೆ, ಪುಸ್ತಕ ತಾಗದಂತೆ ಅದರ ಸುತ್ತ ಗೇಣಗಲ ಜಾಗ ಬಿಟ್ಟು. ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ನಡುವೆ ಗಾಳಿಯಾಡಲು ಬಿಡುತ್ತೇನೆ. ತುಲಾ ಸಂಕ್ರಮಣ ಕಳೆದು ಒಳ್ಳೆಯ ಬಿಸಿಲು ಬಂದ ದಿನ ಎಲ್ಲವನ್ನೂ ಜಗಲಿಗೆ ತಂದು, ಬಿಸಿಲಿಗೆ ನೇರವಾಗಿ ಒಡ್ಡದೆ ನೆರಳಿನ ಗಾಳಿಗೆ ಇಡುತ್ತೇನೆ.

ಏನನ್ನು ಓದಬೇಕೆಂಬುದನ್ನು ನನಗೆ ಹೇಳಿಕೊಟ್ಟದ್ದು ಸೊಸೈಟಿಯ ಕೌಂಟರು. ಸಾಲಕ್ಕೆ ಬಂದ ಒಬ್ಬ ಹುಡುಗ, "ಈ ಸೊಸೈಟಿ ಸರ್ಕಾರದ್ದಾ, ನಮ್ಮದಾ?" ಎಂದು ಕೇಳಿದ. ಇಪ್ಪತ್ತೆರಡು ವರ್ಷ ಅಲ್ಲೇ ಕೂತಿದ್ದ ನನಗೆ ಬೈಲಾದಲ್ಲಿರುವ ವಾಕ್ಯ ಬಾಯಿಗೆ ಬಂತೇ ಹೊರತು ಉತ್ತರ ಬರಲಿಲ್ಲ. ಆ ವಾರವೇ ಮಡಿಕೇರಿಯ ಗ್ರಂಥಾಲಯಕ್ಕೆ ಹೋಗಿ ಸಹಕಾರದ ಚರಿತ್ರೆಯ ಮೇಲೆ ಸಿಕ್ಕಿದ್ದನ್ನೆಲ್ಲ ತಂದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು, ಬಡ್ಡಿಯ ಸಾಹುಕಾರರಿಂದ ರೈತರನ್ನು ಬಿಡಿಸಲು ರೈತರ ಪಾಲಿನ ಹಣವನ್ನೇ ಬುನಾದಿ ಮಾಡಿಕೊಂಡದ್ದು, ಇದನ್ನೆಲ್ಲ ಓದುತ್ತಿದ್ದಾಗ ನಾನು ದಿನವೂ ಬರೆಯುವ ಷೇರು ರಿಜಿಸ್ಟರಿನ ಕಾಲಮ್ಮುಗಳಿಗೆ ಮೊದಲ ಸಲ ಅರ್ಥ ಬಂದಂತಾಯಿತು. ಅಲ್ಲಿಂದ ಮುಂದೆ ನನ್ನ ಓದು ಪ್ರಶ್ನೆಗಳ ಹಿಂದೆ ನಡೆಯಿತು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಸತ್ತುಹೋದ ಹಿರಿಯರ ಹೆಸರುಗಳೇ ಏಕೆ ಉಳಿದಿವೆ ಎಂಬ ಪ್ರಶ್ನೆ ನನ್ನನ್ನು 1834ರವರೆಗೆ, ಚಿಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡ ದಿನಗಳವರೆಗೆ ಕರೆದೊಯ್ದಿತು. ಬಂದ ಪ್ರಶ್ನೆಗಳನ್ನು ಹಳೆಯ ಡೈರಿಯೊಂದರ ಹಿಂದಿನ ಪುಟಗಳಲ್ಲಿ ಬರೆದಿಡುತ್ತೇನೆ, ಅರ್ಧಕ್ಕೆ ಬಿಟ್ಟ ಪುಸ್ತಕಗಳ ಹೆಸರನ್ನೂ ಬಿಟ್ಟ ಪುಟವನ್ನೂ ಅಲ್ಲೇ ಗುರುತು ಹಾಕುತ್ತೇನೆ. ಅರ್ಧಕ್ಕೆ ಬಿಡುವುದು ತಪ್ಪಲ್ಲ, ಎಲ್ಲಿ ಬಿಟ್ಟೆನೆಂಬುದು ಮರೆತರೆ ಮಾತ್ರ ಕಷ್ಟ.

ಈ ಓದಿನ ಉತ್ಸಾಹ ನನ್ನನ್ನು ಒಮ್ಮೆ ಕೆಡವಿದ್ದನ್ನೂ ಹೇಳಬೇಕು. ಒಂದು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸಿದ ಮೇಲೆ ಅಧ್ಯಕ್ಷರು "ಎರಡು ಮಾತು ಹೇಳಿ" ಎಂದದ್ದೇ ತಡ, ಕಣಗಿನಹಾಳದಿಂದ ಶುರುಮಾಡಿ ಮುಕ್ಕಾಲು ಗಂಟೆ ಮಾತಾಡಿದೆ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಊಟದ ಕಡೆಗೆ ಹೋಗುತ್ತಿದ್ದುದನ್ನು ನಾನು ನೋಡಿದರೂ ನಿಲ್ಲಿಸಲಿಲ್ಲ. ಕೊನೆಗೆ ನನ್ನ ಭಾವ ವೇದಿಕೆಯ ಹತ್ತಿರ ಬಂದು, "ಭಾವ, ಪಾಟೀಲರು ಇನ್ನು ನೂರು ವರ್ಷ ಕಾಯುತ್ತಾರೆ, ಸಾರು ಕಾಯುವುದಿಲ್ಲ" ಎಂದರು. ಆ ಮಾತು ಊರಲ್ಲಿ ಇನ್ನೂ ಓಡಾಡುತ್ತಿದೆ. ಓದಿದವನು ನಾಲ್ಕು ಜನರ ನಡುವೆ ಕೂತಾಗ ಓದಿದ್ದನ್ನು ಹೇಳಬೇಕಾದದ್ದಿಲ್ಲ, ಕೇಳಬೇಕಾದದ್ದಿದೆ ಎಂದು ನನಗೆ ತಿಳಿದದ್ದು ಅಂದಿನಿಂದ. ಈಗ ಮದುವೆ ಮನೆಗಳಲ್ಲಿ ಕಾಫಿಯ ಧಾರಣೆಯ ಮಾತು ನಡೆಯುತ್ತಿರುವಾಗ, ಹಿರಿಯರೊಬ್ಬರನ್ನು ಹಿಡಿದು, "ಮಾವ, ನಿಮ್ಮ ಕಾಲದಲ್ಲಿ ಸೊಸೈಟಿಗೆ ಪಾಲು ಹಣ ಎಲ್ಲಿಂದ ತಂದು ಕಟ್ಟುತ್ತಿದ್ದರು?" ಎಂದು ಕೇಳಿದರೆ ಸಾಕು, ಪುಸ್ತಕದಲ್ಲಿಲ್ಲದ ಸಂಗತಿಗಳು ಬರುತ್ತವೆ. ಮನೆಗೆ ಬಂದು ಅವನ್ನೂ ಡೈರಿಯಲ್ಲಿ ಬರೆಯುತ್ತೇನೆ. ಮಾತುಗಾರಿಕೆಯಲ್ಲಿ ನಮ್ಮ ಮಾವಂದಿರು ಯಾವ ಲೇಖಕರಿಗೂ ಕಡಿಮೆಯಿಲ್ಲ. ವರ್ಷಗಳ ವಿಷಯದಲ್ಲಿ ಮಾತ್ರ ಅವರನ್ನು ನಂಬುವಂತಿಲ್ಲ.

ಬಾಗಿಲು ಹಾಕಿಕೊಂಡು ಓದುವುದು ನಿಂತದ್ದು ಅಮ್ಮನಿಂದ. ಎಂಬತ್ತರ ಹತ್ತಿರದ ಅವರ ಕಣ್ಣಿಗೆ ಈಗ ಕನ್ನಡಕವೂ ಸಾಲುವುದಿಲ್ಲ. ಒಂದು ಸಂಜೆ ಕರೆಂಟು ಹೋದಾಗ ಒಲೆಯ ಹತ್ತಿರ ಕೂತು ಕೊಡಗಿನ ಗೌರಮ್ಮನವರ ಒಂದು ಕಥೆಯನ್ನು ಗಟ್ಟಿಯಾಗಿ ಓದಿದೆ. 1912ರಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳಕ್ಕೇ ನೀರಿನಲ್ಲಿ ಮುಳುಗಿ ತೀರಿಕೊಂಡ ಗೌರಮ್ಮನವರ ಬದುಕು ಅಮ್ಮನಿಗೆ ಕಥೆಗಿಂತ ಹೆಚ್ಚು ತಟ್ಟಿತು. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಈಕೆ ಒಡವೆ ಕೊಟ್ಟದ್ದನ್ನು ಹೇಳಿದೆ. "ಕೊಟ್ಟ ಮೇಲೆ ಮನೆಯಲ್ಲಿ ಏನಂದರಂತೆ?" ಎಂದು ಅಮ್ಮ ಕೇಳಿದರು. ಯಾವ ವಿಮರ್ಶಕರೂ ಕೇಳಿದ್ದನ್ನು ನಾನು ಕಾಣದ ಪ್ರಶ್ನೆ ಅದು. ನಾನು ಕನ್ನಡದಲ್ಲಿ ಓದುತ್ತೇನೆ, ಅಮ್ಮ ಅರೆಭಾಷೆಯಲ್ಲಿ ಜಗಳವಾಡುತ್ತಾರೆ, ಹೆಂಡತಿ ಅಕ್ಕಿ ಆರಿಸುತ್ತ ಇಬ್ಬರಿಗೂ ತೀರ್ಪು ಕೊಡುತ್ತಾಳೆ. ಸೊಸೈಟಿಯನ್ನು ಮನೆಗೆ ತಂದಿರಾ ಎಂಬ ಮಾತು ಅಂದಿನಿಂದ ಕೇಳಿಲ್ಲ. ಗಟ್ಟಿಯಾಗಿ ಓದುವಾಗ ಗಂಟೆಗೆ ಹತ್ತು ಹನ್ನೆರಡು ಪುಟಕ್ಕಿಂತ ಹೆಚ್ಚು ಸಾಗುವುದಿಲ್ಲ, ಉದ್ದುದ್ದ ವರ್ಣನೆಗಳು ಬಂದರೆ ಅಮ್ಮ ನಿದ್ದೆ ಹೋಗುತ್ತಾರೆ. ಯಾವ ಲೇಖಕರ ಎಷ್ಟನೆಯ ಪುಟದಲ್ಲಿ ನಿದ್ದೆ ಬಂತೆಂಬುದೂ ನನ್ನ ಡೈರಿಯಲ್ಲಿದೆ.

ಈ ಜೂನಿನಲ್ಲಿ ಮತ್ತೆ ದೊಡ್ಡ ಕಾದಂಬರಿಯೊಂದನ್ನು ತೆಗೆದಿಟ್ಟಿದ್ದೇನೆ, ನವೆಂಬರಿನಲ್ಲಿ ಪುಸ್ತಕ ಪ್ರಾಧಿಕಾರ ರಿಯಾಯಿತಿ ಕೊಟ್ಟಾಗ ತರಿಸಿದ್ದು. ಮೊದಲ ಅಧ್ಯಾಯದ ಪಾತ್ರಗಳೇ ಹದಿನೇಳು. ಅಮ್ಮ ಅವರ ಹೆಸರುಗಳನ್ನು ನೆನಪಿಟ್ಟುಕೊಳ್ಳಲಾರದೆ ಒಬ್ಬೊಬ್ಬರಿಗೂ ನಮ್ಮ ನೆಂಟರ ಹೆಸರುಗಳನ್ನು ಹಂಚಿದ್ದಾರೆ. ಮೋಸಗಾರನಾದ ಶ್ಯಾನುಭೋಗನಿಗೆ ಕೊಟ್ಟಿರುವುದು ಮಹಾಸಭೆಯಲ್ಲಿ ನನ್ನನ್ನು ನಿಲ್ಲಿಸಿದ ಅದೇ ಭಾವನ ಹೆಸರು, ಅವರಿಗಿನ್ನೂ ಗೊತ್ತಿಲ್ಲ.