ಮಹಾಗನಿ ಕುರ್ಚಿಯ ವಯಸ್ಸು ಅಡಿಭಾಗದಲ್ಲಿದೆ

ಇಂಗ್ಲೆಂಡಿನ ಹರಾಜುಪಟ್ಟಿಯಲ್ಲಿ ‘ಚಿಪ್ಪೆಂಡೇಲ್ ಕುರ್ಚಿ’ ಎಂದಿದ್ದರೆ ಅದು ಬಹುಮಟ್ಟಿಗೆ ಶೈಲಿಯ ಹೆಸರು. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ವಿನ್ಯಾಸಗಳನ್ನು ಪುಸ್ತಕವಾಗಿ ತಂದ ಮೇಲೆ ಊರೂರಿನ ಬಡಗಿಗಳು ಅವುಗಳನ್ನು ನೋಡಿ ಕುರ್ಚಿ ಮಾಡಿದರು. ಅವನ ಕಾರ್ಖಾನೆಯವೇ ಎಂಬುದಕ್ಕೆ ಬಿಲ್ಲು, ಲೆಕ್ಕಪತ್ರ ಇರುವ ಪೀಠೋಪಕರಣಗಳು ಹೇರ್‌ವುಡ್, ನಾಸ್ಟೆಲ್‌ನಂಥ ಕೆಲವೇ ಬಂಗಲೆಗಳಿಗೆ ಸೇರಿದವು. 19ನೇ ಶತಮಾನದ ಕೊನೆಗೆ ಅದೇ ಮಾದರಿ ಮತ್ತೆ ಬಳಕೆಗೆ ಬಂತು. ಹಾಗಾಗಿ 1760ರದ್ದನ್ನೂ 1890ರದ್ದನ್ನೂ ಎದುರಿನಿಂದ ನೋಡಿ ಬೇರ್ಪಡಿಸುವುದು ಕಷ್ಟ. ಒಂದು ಟಾರ್ಚು, ಒಂದು ಅಳತೆಪಟ್ಟಿ ಹಿಡಿದು ಕೆಳಗಿನಿಂದ ಶುರು ಮಾಡಿ.

ಮೊದಲು ಸೀಟು ತೆಗೆಯಿರಿ. ಚೌಕಟ್ಟಿನೊಳಗೆ ಕೂರುವ ಮೆತ್ತೆಯ ಸೀಟಾದರೆ ಕೆಳಗಿನಿಂದ ಒತ್ತಿದರೆ ಮೇಲೆದ್ದು ಬರುತ್ತದೆ. ಅದು ಕೂರುತ್ತಿದ್ದ ಅಂಚಿನಲ್ಲಿ ಉಳಿಯಿಂದ ಹೊಡೆದ ರೋಮನ್ ಅಂಕಿ ಹುಡುಕಿ. ಸೀಟಿನ ಮರದ ಮೇಲೂ ಅದೇ ಅಂಕಿ ಇರಬೇಕು. ಬೇರೆಯಿದ್ದರೆ ಒಂದೇ ಸೆಟ್ಟಿನೊಳಗೆ ಸೀಟು ಅದಲುಬದಲಾಗಿರಬಹುದು, ಅದು ದೋಷವಲ್ಲ. ಆರು ಕುರ್ಚಿಗಳಲ್ಲಿ ಒಂದರ ಮೇಲೆ XI (ಹನ್ನೊಂದು) ಕಂಡರೆ ಸೆಟ್ಟು ಮೊದಲು ಇನ್ನೂ ದೊಡ್ಡದಿತ್ತು, ಮಿಕ್ಕ ಕುರ್ಚಿಗಳು ಎಲ್ಲೋ ಬೇರೆಯಾಗಿವೆ ಎಂದರ್ಥ.

ಈಗ ಮೂಲೆಗಳು. 18ನೇ ಶತಮಾನದಲ್ಲಿ ಎರಡು ಅಡ್ಡಪಟ್ಟಿಗಳ ನಡುವೆ ಓರೆಯಾಗಿ ಒಂದು ಸಣ್ಣ ಪಟ್ಟಿ ಇಟ್ಟು, ಅದರ ತುದಿಗಳನ್ನು ಪಟ್ಟಿಗಳಲ್ಲಿ ಕೊರೆದ ಕಚ್ಚಿನಲ್ಲಿ ಕೂರಿಸುತ್ತಿದ್ದರು. ತ್ರಿಕೋನಾಕಾರದ ಗಟ್ಟಿ ತುಂಡಿಗೆ ಸ್ಕ್ರೂ ಹಾಕಿದ್ದರೆ ಅದು ಸಾಮಾನ್ಯವಾಗಿ ನಂತರದ್ದು. ಅಷ್ಟಕ್ಕೇ ಕುರ್ಚಿಯನ್ನು ತಳ್ಳಿಹಾಕಬೇಡಿ. ರಿಪೇರಿಯಲ್ಲಿ ತುಂಡು ಸೇರಿಸಿದ್ದರೆ ಪಕ್ಕದಲ್ಲೇ ಹಳೆಯ ಖಾಲಿ ಕಚ್ಚು ಕಾಣುತ್ತದೆ. ಸ್ಕ್ರೂ ಒಂದನ್ನು ಬಿಚ್ಚಲು ಬಂದರೆ ತುದಿ ನೋಡಿ: ಮೊಂಡಾಗಿದ್ದರೆ ಹಳೆಯದು, ಚೂಪಾಗಿದ್ದರೆ 1840ರ ದಶಕದ ಈಚಿನದು.

ಕೆತ್ತನೆಯನ್ನು ಪಕ್ಕದಿಂದ ನೋಡಿ. ಮೊದಲೇ ಕೆತ್ತನೆಗೆಂದು ಯೋಜಿಸಿದ ಕಾಲಿನಲ್ಲಿ ಬಡಗಿ ಹೆಚ್ಚುವರಿ ಮರ ಬಿಟ್ಟಿರುತ್ತಾನೆ, ಎಲೆಗಳು ಮೇಲ್ಮೈಯಿಂದ ಉಬ್ಬಿ ನಿಲ್ಲುತ್ತವೆ. ಬೆಲೆ ಏರಿಸಲು ಸಾದಾ ಕುರ್ಚಿಯ ಮೇಲೆ ಆಮೇಲೆ ಕೆತ್ತಿದ್ದರೆ ಅಷ್ಟು ಮರವೇ ಇರುವುದಿಲ್ಲ. ಕೆತ್ತನೆ ಒಳಗಿಳಿದು, ಕಾಲಿನ ಮಂಡಿ ಚಪ್ಪಟೆಯಾಗಿರುತ್ತದೆ. ಅಂದಹಾಗೆ, ಚೆಂಡು ಹಿಡಿದ ಉಗುರಿನ ಪಾದವನ್ನು ಜನ ಚಿಪ್ಪೆಂಡೇಲ್ ಗುರುತೆಂದೇ ನಂಬಿದ್ದಾರೆ. ಅವನ ಪುಸ್ತಕದಲ್ಲಿ ಅಂಥ ಪಾದದ ಚಿತ್ರ ಒಂದೂ ಇಲ್ಲ!

ಮರ ಮತ್ತು ಹುಳು. 1721ರಲ್ಲಿ ಬ್ರಿಟನ್ ಅಮೆರಿಕದ ವಸಾಹತುಗಳ ಮರದ ಮೇಲಿನ ಸುಂಕ ತೆಗೆದ ಮೇಲೆ ಜಮೈಕಾದ ಮಹಾಗನಿ ಬಂತು, ಆಮೇಲೆ ಕ್ಯೂಬಾ, ಹೊಂಡುರಾಸ್‌ನದು. ಕ್ಯೂಬಾದ್ದು ಭಾರ, ಕೆತ್ತನೆಯ ಅಂಚು ಚೂಪಾಗಿ ನಿಲ್ಲುತ್ತದೆ. ಹುಳು ಮಹಾಗನಿಯ ತಿರುಳಿಗೆ ಹೋಗುವುದು ಕಡಿಮೆ. ಸೀಟಿನ ಒಳಚೌಕಟ್ಟು ಎಷ್ಟೋ ಸಲ ಬೀಚ್ ಮರದ್ದು, ಅದನ್ನು ಬಿಡುವುದಿಲ್ಲ. ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಇದೆ.

ಸೆಟ್ಟು ಕೊಳ್ಳುವಾಗ ಒಂದೊಂದನ್ನೂ ಅಳೆಯಿರಿ. ಎಂಟರ ಸೆಟ್ಟಿಗೆ ಎರಡು ನಾಲ್ಕರ ಸೆಟ್ಟುಗಳಿಗಿಂತ ಹೆಚ್ಚು ಬೆಲೆ. ಹಾಗಾಗಿ ಕೆಲವು ಕುರ್ಚಿ ಬಿಚ್ಚಿ, ಹಳೆಯ ಭಾಗಗಳನ್ನು ಹಂಚಿ, ಕೊರತೆಗೆ ಹೊಸ ಮರ ಸೇರಿಸಿ ಸಂಖ್ಯೆ ಬೆಳೆಸುವುದುಂಟು. ಪ್ರತಿ ಕುರ್ಚಿಯಲ್ಲೂ ಒಂದು ಕಾಲೋ ಪಟ್ಟಿಯೋ ಒಳಬದಿಯಲ್ಲಿ ಬೇರೆ ಬಣ್ಣದ್ದಾಗಿದ್ದರೆ ಅನುಮಾನಿಸಿ. ಕೈಕೆಲಸದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಹಜ.

ಪಾಲಿಶ್ ಮುಟ್ಟಬೇಡಿ. 20ನೇ ಶತಮಾನದ ಆರಂಭದ ಇಂಗ್ಲಿಷ್ ಸಂಗ್ರಾಹಕ ಪರ್ಸಿವಲ್ ಗ್ರಿಫಿತ್ಸ್, ಪೀಠೋಪಕರಣ ತಜ್ಞ ಆರ್.ಡಬ್ಲ್ಯು. ಸೈಮಂಡ್ಸ್ ಸಲಹೆಯಲ್ಲಿ ಕೊಳ್ಳುತ್ತಿದ್ದವನು, ಹಳೆಯ ಮೇಲ್ಮೈಗೆ ಬಹಳ ಬೆಲೆ ಕೊಟ್ಟ. ಉಜ್ಜಿ ಹೊಳಪೇರಿಸಿದ ಕುರ್ಚಿಗೆ ಸಂಗ್ರಾಹಕರು ಇಂದಿಗೂ ಮೂಗು ಮುರಿಯುತ್ತಾರೆ. ಒಣಬಟ್ಟೆ, ವರ್ಷಕ್ಕೊಂದೆರಡು ಸಲ ತೆಳುವಾಗಿ ಮೇಣ ಸಾಕು. ಸಡಿಲವಾದ ಹಿಂಗಾಲಿನ ಜೋಡಣೆಗೆ ಮೊಳೆ ಹೊಡೆಯಬೇಡಿ, ಮರ ಸೀಳುತ್ತದೆ. ಬಿಚ್ಚಿ, ಹಳೆಯ ಅಂಟು ತೆಗೆದು, ಬಿಸಿ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು) ಹಾಕಿ ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡಿ. ಸರೇಸು ಬಿಸಿನೀರಿಗೆ ಕರಗುವುದರಿಂದ ಮುಂದೆ ಇನ್ನೊಬ್ಬ ಬಡಗಿ ಅದನ್ನು ಮತ್ತೆ ಬಿಚ್ಚಬಹುದು.