ಟರ್ಮ್ ಕೊನೆಯ ಸುದ್ದಿಪತ್ರದಲ್ಲಿ 207 ಹೆಸರು

ನಾನು ಇಂಗ್ಲೆಂಡಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್. ನಾಲ್ಕೈದು ವರ್ಷದ ಮಕ್ಕಳ ಮೊದಲ ತರಗತಿಯಾದ ರಿಸೆಪ್ಷನ್‌ನಿಂದ ಇಯರ್ 6ರವರೆಗೆ ಏಳು ತರಗತಿ, 207 ಮಕ್ಕಳು. ಜುಲೈನಲ್ಲಿ ಸಮ್ಮರ್ ಟರ್ಮ್ ಮುಗಿಯುವಾಗ ಪ್ರತಿ ಮನೆಗೂ ಒಂದು ಸುದ್ದಿಪತ್ರ ಹೋಗುತ್ತದೆ. ಅದನ್ನು ಮಾಡುವ ಕೆಲಸ ಕೆಲವು ವರ್ಷಗಳಿಂದ ನನ್ನದು.

ನಮ್ಮ ಊರ ಕಡೆ ಏಪ್ರಿಲ್ 10ಕ್ಕೆ ರಿಸಲ್ಟ್ ಹಾಕಿ ವರ್ಷ ಮುಗಿಸುತ್ತಿದ್ದರು, ನೆನಪಿದೆ ಅಲ್ವಾ? ಇಲ್ಲಿ ವರ್ಷ ಶುರುವಾಗುವುದೇ ಸೆಪ್ಟೆಂಬರಿನಲ್ಲಿ. ಜುಲೈ ಕೊನೆಯ ಹೊತ್ತಿಗೆ ಮುಗಿದು ಸುಮಾರು ಆರು ವಾರ ರಜೆ. ರಜೆಗೆ ಮುಂಚಿನ ಕೊನೆಯ ಏಳು ವಾರಗಳಲ್ಲಿ ಎಲ್ಲವೂ ಒಟ್ಟಿಗೆ ಬರುತ್ತದೆ. ಇಯರ್ 1 ಮಕ್ಕಳಿಗೆ ಓದುವ ಪರೀಕ್ಷೆ, ಇಯರ್ 4ಕ್ಕೆ ಮಗ್ಗಿಯ ಪರೀಕ್ಷೆ, ಸ್ಪೋರ್ಟ್ಸ್ ಡೇ, ಸಮ್ಮರ್ ಫೇರ್, ಮುಂದಿನ ವರ್ಷದ ಟೀಚರ್ ಜೊತೆ ಒಂದು ದಿನ, ಮನೆಗೆ ಹೋಗುವ ರಿಪೋರ್ಟು, ಇಯರ್ 6ರವರ ಬೀಳ್ಕೊಡುಗೆ. ಬರೆಯೋದಕ್ಕೆ ಬೇಕಾದಷ್ಟು ವಿಷಯ ಇರುತ್ತದೆ. ಯಾರ ಬಗ್ಗೆ ಬರೆಯುತ್ತೇವೆ ಅನ್ನೋದೇ ಪ್ರಶ್ನೆ.

ಮೊದಲ ಎರಡು ವರ್ಷ ಎಲ್ಲರಂತೆಯೇ ಮಾಡಿದೆ. ಓಟದಲ್ಲಿ ಗೆದ್ದವರು, ಈಜಿನಲ್ಲಿ ಬಹುಮಾನ ಪಡೆದವರು, ನಾಟಕದಲ್ಲಿ ದೊಡ್ಡ ಪಾತ್ರ ಮಾಡಿದವರು. ಮೂರನೇ ವರ್ಷ ಹಳೆಯ ಸಂಚಿಕೆ ತೆಗೆದು ಪೆನ್ಸಿಲಿನಲ್ಲಿ ಹೆಸರು ಎಣಿಸಿದೆ. 61 ಮಕ್ಕಳ ಹೆಸರಿತ್ತು. ಒಬ್ಬ ಹುಡುಗಿಯ ಹೆಸರು ಐದು ಕಡೆ ಇತ್ತು. ಉಳಿದ 146 ಮಕ್ಕಳು ಆ ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೋಗಿದ್ದರು. ಅಮ್ಮ ಓದಿದಾಗ ಅದರಲ್ಲಿ ತನ್ನ ಮಗು ಇರಲಿಲ್ಲ. ಅದು ನನಗೆ ತಡೆಯಲಿಲ್ಲ. ಇನ್ನು ಮುಂದೆ ಪ್ರತಿ ಮಗುವೂ ಒಂದು ಸಲವಾದರೂ ಬರಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಹೇಗೆ ಮಾಡುತ್ತೇನೆ ಹೇಳುತ್ತೇನೆ. ಮೇ ಕೊನೆಯ ಒಂದು ವಾರದ ರಜೆ ಮುಗಿದು ಶಾಲೆ ತೆರೆದ ದಿನವೇ ಏಳೂ ತರಗತಿಗಳ ಹಾಜರಿ ಪಟ್ಟಿ ಪ್ರಿಂಟ್ ತೆಗೆದು ಒಂದು ದೊಡ್ಡ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ. ಪ್ರತಿ ಹೆಸರಿನ ಮುಂದೆ ಒಂದು ಸಾಲಿನ ಜಾಗ. ದಿನಾ ಸಂಜೆ ಐದು ನಿಮಿಷ, ಅವತ್ತು ಕಂಡದ್ದನ್ನು ಬರೆಯುವುದು. ಸ್ಟಾಫ್ ರೂಮಿನಲ್ಲಿ ಕೆಟಲ್ ಪಕ್ಕ ಒಂದು ಡಬ್ಬಿ ಇಟ್ಟಿದ್ದೇನೆ. ಟೀಚರ್‌ಗಳು, ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ಆಫೀಸಿನವರು ಎಲ್ಲರೂ ಅದರಲ್ಲಿ ಚೀಟಿ ಹಾಕುತ್ತಾರೆ. ಕೆಟಲ್ ಪಕ್ಕ ಅನ್ನೋದು ಮುಖ್ಯ. ನೀರು ಕುದಿಯುವಷ್ಟರಲ್ಲಿ ಒಂದು ಚೀಟಿ ಬರೆದು ಮುಗಿಯುತ್ತದೆ. ಈಮೇಲ್ ಮಾಡಿ ಅಂದಿದ್ದ ವರ್ಷ ನನಗೆ ಬಂದದ್ದು ನಾಲ್ಕೇ ನಾಲ್ಕು.

ಜುಲೈ ಮೊದಲ ವಾರಕ್ಕೆ ಪಟ್ಟಿಯಲ್ಲಿ ಖಾಲಿ ಉಳಿದ ಹೆಸರುಗಳು ಎದ್ದು ಕಾಣುತ್ತವೆ. ಕಳೆದ ಸಲ 38 ಇದ್ದವು. ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಖಾಲಿ ಉಳಿಯುವವರು ಸಾಮಾನ್ಯವಾಗಿ ಗಲಾಟೆಯನ್ನೂ ಮಾಡದ, ಗೆಲ್ಲಲೂ ಹೋಗದ ಮಕ್ಕಳು. ಅವರನ್ನು ನೋಡೋಕೆ ಅಂತಲೇ ದಿನಕ್ಕೆ ಇಬ್ಬರು ಮೂವರನ್ನು ಆರಿಸಿಕೊಳ್ಳುತ್ತೇನೆ. ಆಟದ ಹೊತ್ತಿನಲ್ಲಿ ಸುಮ್ನೆ ಹತ್ತಿರ ನಿಂತುಕೊಳ್ಳುತ್ತೇನೆ. ಏನೂ ಕೇಳುವುದಿಲ್ಲ.

ಒಬ್ಬ ಹುಡುಗ ಸಂಜೆ ಗಂಟೆ ಹೊಡೆದ ಮೇಲೆ ತನ್ನ ಕುರ್ಚಿಯ ಜೊತೆ ಪಕ್ಕದ ಮೂರು ಕುರ್ಚಿಯನ್ನೂ ಮೇಜಿನ ಮೇಲೆ ಎತ್ತಿಟ್ಟೇ ಹೊರಡುತ್ತಿದ್ದ. ಯಾರೂ ಹೇಳಿರಲಿಲ್ಲ. ಒಬ್ಬ ಹುಡುಗಿ ಹೊಸದಾಗಿ ಬಂದ, ಇಂಗ್ಲಿಷ್ ಬಾರದ ಮಗುವಿಗೆ ಆಟದ ಮೈದಾನದ ಮಾತುಗಳನ್ನೆಲ್ಲ ಕಲಿಸಿದ್ದಳು. 'ನನ್ನ ಸರದಿ', 'ನಿಲ್ಲು', 'ಇನ್ನೊಂದ್ಸಲ', 'ನಾನೂ ಬರ್ಲಾ'. ಮೂರು ವಾರ ಅವಳ ಪಕ್ಕದಲ್ಲೇ ಓಡಾಡುತ್ತಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಯರ್ 3ರ ಹುಡುಗನೊಬ್ಬ ಶಾಲೆಯ ತೋಟದಲ್ಲಿ ತಾನು ಹಾಕಿದ ಸೂರ್ಯಕಾಂತಿ ಗಿಡವನ್ನು ಪ್ರತಿ ಶುಕ್ರವಾರ ಟೇಪಿನಲ್ಲಿ ಅಳೆದು, ವಿಜ್ಞಾನದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದ. ಒಂಬತ್ತು ಶುಕ್ರವಾರಗಳ ಲೆಕ್ಕ ಅದು. ಟೀಚರ್‌ಗೂ ಗೊತ್ತಿರಲಿಲ್ಲ.

ಬರೆಯುವಾಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. 'ತುಂಬಾ ಒಳ್ಳೆಯ ಮಗು' ಅಂತ ಬರೆಯುವುದಿಲ್ಲ. ಮಾಡಿದ್ದನ್ನು ಮಾತ್ರ ಬರೆಯುತ್ತೇನೆ. ಮೂರು ಕುರ್ಚಿ, ಒಂಬತ್ತು ಶುಕ್ರವಾರ. ಹೊಗಳಿಕೆಯನ್ನು ಮಗು ನಂಬುವುದಿಲ್ಲ. ಲೆಕ್ಕವನ್ನು ನಂಬುತ್ತದೆ.

ಸ್ಪೋರ್ಟ್ಸ್ ಡೇ ಬಗ್ಗೆಯೂ ಹೀಗೇ. ನಾವು ಚಮಚದಲ್ಲಿ ನಿಂಬೆಹಣ್ಣು ಇಟ್ಟು ಓಡುತ್ತಿದ್ದೆವು. ಇಲ್ಲಿ ಮೊಟ್ಟೆ, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಇಯರ್ 2ರ ಓಟದಲ್ಲಿ ಆರು ಮಕ್ಕಳು ಸಾಲಿನಲ್ಲಿ ನಿಂತಿದ್ದರು. ಐದು ಜನರ ಮೊಟ್ಟೆ ಬಿತ್ತು. ಎತ್ತಿಕೊಂಡು ಮತ್ತೆ ಓಡಿದರು. ಆರನೆಯವಳು ನಡೆದೇ ಬಂದಳು. ನಾಲಿಗೆ ತುದಿ ಹೊರಗೆ, ಕಣ್ಣು ಚಮಚದ ಮೇಲೆ, ಎಡಗೈ ಬೆನ್ನ ಹಿಂದೆ. ಎಲ್ಲರೂ ಮುಗಿಸಿ ನೀರು ಕುಡಿಯುತ್ತಿರುವಾಗ ಗೆರೆ ಮುಟ್ಟಿದಳು. ಪತ್ರದಲ್ಲಿ ಅವಳ ಹೆಸರಿನ ಮುಂದೆ 'ಮೊಟ್ಟೆಯನ್ನು ಒಂದು ಸಲವೂ ಬೀಳಿಸದೆ ಗುರಿ ಮುಟ್ಟಿದ ಒಬ್ಬಳೇ ಓಟಗಾರ್ತಿ' ಅಂತ ಬರೆದೆ. ಒಂದಕ್ಷರವೂ ಸುಳ್ಳಲ್ಲ.

ಕಾರ್ಯಕ್ರಮಕ್ಕೆ ಮುಂಚೆಯೇ ವರದಿ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿತ್ತು. 2022ರಲ್ಲಿ ಬಿಟ್ಟೆ. ಆ ವರ್ಷ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಈ ದೇಶದಲ್ಲಿ ತಾಪಮಾನ 40 ದಾಟಿದ್ದು ಅದೇ ಮೊದಲು. ನಮ್ಮ ಸ್ಪೋರ್ಟ್ಸ್ ಡೇ ಅದೇ ವಾರ ಇತ್ತು, ನಿಲ್ಲಿಸಿಬಿಟ್ಟರು. ಬರೆದಿಟ್ಟ ಒಂದು ಪುಟ ಹೋಯಿತು. ಅದರ ಜಾಗಕ್ಕೆ ಕಿಟಕಿಗಳಿಗೆ ಪರದೆ ಎಳೆದು ನೆಲದ ಮೇಲೆ ಮಲಗಿ ಕಥೆ ಕೇಳಿದ ಮಧ್ಯಾಹ್ನದ ಬಗ್ಗೆ ಮಕ್ಕಳೇ ಬರೆದರು. ನಾನು ಬರೆದಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅಲ್ಲಿಂದ ಇಯರ್ 5ರ ನಾಲ್ವರಿಗೆ ನೋಟ್‌ಬುಕ್ ಕೊಟ್ಟು ವರದಿಗಾರರನ್ನಾಗಿ ಮಾಡುತ್ತಿದ್ದೇನೆ. ಸಮ್ಮರ್ ಫೇರ್ ಸುದ್ದಿ ಪೂರ್ತಿ ಅವರದ್ದೇ. ಕೇಕ್ ಎಷ್ಟು ಹೊತ್ತಿಗೆ ಖಾಲಿಯಾಯಿತು, ಲಾಟರಿ ಚೀಟಿಯಲ್ಲಿ ಯಾರಿಗೆ ಏನು ಬಂತು, ಎಲ್ಲ ಕೇಳಿ ಬರೆದುಕೊಂಡು ಬರುತ್ತಾರೆ. ನಾನು ಸೇರಿಸುವುದು ಒಂದೇ ವಾಕ್ಯ. ಕೂಡಿದ ಹಣ ಎಷ್ಟು, ಅದರಲ್ಲಿ ಏನು ತರುತ್ತೇವೆ. ಹಣ ಕೊಟ್ಟವರಿಗೆ ಅದು ತಿಳಿಯಬೇಕು.

ಫೋಟೋ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಫೋಟೋ ಹಾಕಬೇಡಿ ಅಂತ ಬರೆದುಕೊಟ್ಟ ಮನೆಗಳಿರುತ್ತವೆ, ಕಾರಣ ಕೇಳಬಾರದು. ಆ ಪಟ್ಟಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಅಂಟಿಸಿರುತ್ತೇನೆ. ಆದರೆ ಆ ಮಕ್ಕಳನ್ನು ಗುಂಪಿನಿಂದ ಆಚೆ ನಿಲ್ಲಿಸಿ ಫೋಟೋ ತೆಗೆಯುವುದು ನನ್ನ ಕೈಲಾಗದು. ಅದಕ್ಕೇ ಕೈಗಳ ಫೋಟೋ ತೆಗೆಯುತ್ತೇನೆ. ಮಣ್ಣು ಮೆತ್ತಿದ ಕೈ, ಬಣ್ಣ ಹಿಡಿದ ಕೈ, ಹಗ್ಗ ಎಳೆಯುವ ಕೈ. ಇಲ್ಲವಾದರೆ ಬೆನ್ನ ಹಿಂದಿನಿಂದ. ಮುಖ ಕಾಣುವ ಫೋಟೋದ ಕೆಳಗೆ ಹೆಸರು ಹಾಕುವುದಿಲ್ಲ, ಹೆಸರು ಹಾಕಿದ ಕಡೆ ಮನೆತನದ ಹೆಸರು ಇರುವುದಿಲ್ಲ.

ಇಯರ್ 6ರ ಮಕ್ಕಳು ಮೇ ತಿಂಗಳಲ್ಲಿ ಸ್ಯಾಟ್ಸ್, ಅಂದರೆ ಪ್ರೈಮರಿ ಕೊನೆಯ ಸರ್ಕಾರಿ ಪರೀಕ್ಷೆ, ಬರೆದಿರುತ್ತಾರೆ. ಜುಲೈ ಹೊತ್ತಿಗೆ ಅಂಕ ಬರುತ್ತದೆ. 80ರಿಂದ 120ರವರೆಗಿನ ಅಳತೆಯಲ್ಲಿ 100 ಬಂದರೆ ನಿರೀಕ್ಷಿಸಿದ ಮಟ್ಟ ತಲುಪಿದ ಹಾಗೆ. ಅದು ಪ್ರತಿ ಮನೆಗೂ ರಿಪೋರ್ಟಿನಲ್ಲಿ ಹೋಗುತ್ತದೆ. ಸುದ್ದಿಪತ್ರದಲ್ಲಿ ಯಾರ ಅಂಕವನ್ನೂ ಹಾಕಬಾರದು ಅಂತ ನಾನು ಹೆಡ್ ಟೀಚರ್ ಹತ್ತಿರ ಹಟ ಹಿಡಿದೆ, ಅವರು ಒಪ್ಪಿದರು. ಅದರ ಬದಲು ಹೊರಡುವ ಮಕ್ಕಳು ಒಬ್ಬೊಬ್ಬರೂ ಒಂದೊಂದು ನೆನಪು ಬರೆದುಕೊಡುತ್ತಾರೆ. ಹನ್ನೆರಡು ಪದದೊಳಗೆ. ನಾನು ತಿದ್ದುವುದಿಲ್ಲ. 'ಭಿನ್ನರಾಶಿ ಅರ್ಥವಾದ ಮಂಗಳವಾರ' ಅಂತ ಒಬ್ಬಳು ಬರೆದಳು. ಒಬ್ಬ ಹುಡುಗ ಅಡುಗೆಯವರ ಹೆಸರು ಬರೆದು ಅಷ್ಟಕ್ಕೇ ನಿಲ್ಲಿಸಿದ್ದ. ಆ ಪುಟ ಅಡುಗೆಮನೆಯ ಬಾಗಿಲಿಗೆ ಅಂಟಿದೆ, ಇನ್ನೂ ತೆಗೆದಿಲ್ಲ.

ಉಪಯೋಗದ ವಿಷಯಗಳಿಗೂ ಜಾಗ ಬೇಕು. ಒಂದು ವರ್ಷ ಸೆಪ್ಟೆಂಬರಿನ ತಾರೀಖುಗಳನ್ನು ಐದನೇ ಪುಟದ ಕೆಳಗೆ ಹಾಕಿದ್ದೆ. ಟರ್ಮಿನ ಮೊದಲ ದಿನ ಟೀಚರ್‌ಗಳಿಗೆ ಮಾತ್ರ ತರಬೇತಿ, ಮಕ್ಕಳು ಬರುವ ಹಾಗಿಲ್ಲ. ಅವತ್ತು ಮೂರು ಮನೆಯವರು ಹೊಸ ಯೂನಿಫಾರ್ಮ್ ಹಾಕಿಸಿ ಮಕ್ಕಳನ್ನು ಕರೆತಂದು ಮುಚ್ಚಿದ ಗೇಟಿನ ಮುಂದೆ ನಿಂತಿದ್ದರು. ಒಬ್ಬರು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಈಗ ತಾರೀಖುಗಳೆಲ್ಲ ಮೊದಲ ಪುಟದಲ್ಲಿ, ಗೆರೆ ಹಾಕಿದ ಚೌಕದಲ್ಲಿ. 'ಇನ್‌ಸೆಟ್ ಡೇ' ಅಂತ ಬರೆಯುವುದಿಲ್ಲ, 'ಮಕ್ಕಳಿಗೆ ಶಾಲೆ ಇಲ್ಲ' ಅಂತಲೇ ಬರೆಯುತ್ತೇನೆ. ನಮ್ಮಲ್ಲಿ ಮನೆಯಲ್ಲಿ ಬೇರೆ ಭಾಷೆ ಮಾತಾಡುವವರು ಬಹಳ. ಫೋನಿನಲ್ಲಿ ಅನುವಾದ ಮಾಡಿ ಓದುತ್ತಾರೆ. ಚಿಕ್ಕ ವಾಕ್ಯ ಇದ್ದರೆ ಅನುವಾದ ಕೆಡುವುದಿಲ್ಲ. ಇದು ನನಗೆ ನನ್ನ ಅನುಭವದಿಂದಲೇ ಗೊತ್ತು.

ಅದೇ ಚೌಕದಲ್ಲಿ ಇನ್ನೆರಡು ಸಾಲು. ಆಫೀಸಿನಲ್ಲಿಟ್ಟ ಇನ್‌ಹೇಲರ್ ಮತ್ತೆ ಔಷಧಿ ಮನೆಗೆ ತೆಗೆದುಕೊಂಡು ಹೋಗಿ. ಲೈಬ್ರರಿಯ ಸಮ್ಮರ್ ರೀಡಿಂಗ್ ಚಾಲೆಂಜ್‌ಗೆ ಹೆಸರು ಕೊಡಿ. ಇದು 1999ರಿಂದ ನಡೆಯುತ್ತಿದೆ. 4ರಿಂದ 11 ವರ್ಷದ ಮಕ್ಕಳು ರಜೆಯಲ್ಲಿ ಆರು ಪುಸ್ತಕ ಓದಬಹುದು, ಖರ್ಚಿಲ್ಲ. ಆರು ವಾರಕ್ಕೆ ಆರು ಪುಸ್ತಕ ಅಂದರೆ ಅಮ್ಮಂದಿರಿಗೂ ಲೆಕ್ಕ ಸುಲಭ.

ಕಳೆದ ಸಲ ಸೋಮವಾರ ಪ್ರಿಂಟ್ ಆಯಿತು, ಮಂಗಳವಾರ ಹಂಚಿದೆವು. ಬುಧವಾರ ಕೊನೆಯ ದಿನ. ಬೆಳಿಗ್ಗೆ ಗೇಟಿನ ಹತ್ತಿರ ಸೂರ್ಯಕಾಂತಿಯ ಹುಡುಗ ನನಗೇ ಕಾಯುತ್ತಾ ನಿಂತಿದ್ದ. ಕೈಯಲ್ಲಿ ಪತ್ರ, ತನ್ನ ಸಾಲಿನ ಮೇಲೆ ಬೆರಳು.

"ಮಿಸ್, 162 ಅಂತ ಬರೆದಿದ್ದೀರಿ. ಅದು ಶುಕ್ರವಾರದ್ದು."

"ಈಗ ಎಷ್ಟಿದೆ?"

"ಗೊತ್ತಿಲ್ಲ. ಅಳೀಬೇಕು."

ತೋಟಕ್ಕೆ ಹೋದೆವು. ಗಿಡ ಅವನಿಗಿಂತ ಎತ್ತರ ಬೆಳೆದಿತ್ತು. ಟೇಪಿನ ತುದಿಯನ್ನು ಅವನು ಮಣ್ಣಿಗೆ ಒತ್ತಿ ಹಿಡಿದ, ಮೇಲಿನ ತುದಿ ನಾನು ಹಿಡಿದೆ. "ನೇರ ಹಿಡೀರಿ ಮಿಸ್" ಅಂದ. 174 ಸೆಂಟಿಮೀಟರ್. ಜೇಬಿನಿಂದ ಪೆನ್ಸಿಲ್ ತೆಗೆದು ಪತ್ರದ ಮೇಲೆ 162 ಹೊಡೆದುಹಾಕಿ 174 ಅಂತ ಬರೆದ. ಪಕ್ಕದಲ್ಲಿ ತಾರೀಖನ್ನೂ ಹಾಕಿದ. ಸಂಜೆ ಮನೆಗೆ ಹೊರಡುವ ಮುಂಚೆ ಶಾಲೆಯಲ್ಲಿ ಉಳಿಯುವ ಪ್ರತಿಯನ್ನು ತೆರೆದು ನಾನೂ 174 ಮಾಡಿದೆ, ತಾರೀಖು ಸಮೇತ.